‘ಬಂದೆ’ ಅಂದವನಿಗೆ

ರಾಟರ್‌ಡ್ಯಾಮ್
ಭಾನುವಾರ, ೧೬ ನವೆಂಬರ್

ಚಿರಂಜೀವಿ ಚರಣನಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಚಿರಂಜೀವಿ ಅಂತ ಕೈ ತಾನಾಗಿಯೇ ಬರೆದುಬಿಟ್ಟಿತು. ಹೊಡೆದುಹಾಕಲು ಮನಸ್ಸು ಬರಲಿಲ್ಲ, ಇರಲಿ. ಹೇಗಿದ್ದೀಯಪ್ಪಾ? ಅಲ್ಲಿ ಚಳಿ ಬಹಳವೇ? ಉಣ್ಣೆ ಬನಿಯನ್ ಎರಡನ್ನೂ ಕಪಾಟಿನಲ್ಲೇ ಬಿಟ್ಟು ಹೋಗಿದ್ದೀಯ. ಮುದುಕಿಗೆ ಅರಳುಮರಳು ಅಂತ ನಗಬೇಡ. ನಿನ್ನ ಹಡಗು ಮುಳುಗಿ ಎರಡು ತಿಂಗಳಾದರೂ ನನಗೆ ಮೊದಲು ನೆನಪಾಗುವುದು ನಿನ್ನ ಚಳಿಯೇ. ಮಾಡಬೇಕಾದ ಕರ್ಮ ಮಾಡಿ ಮುಗಿಸಿ ಅಂತ ಮೈಸೂರಿನಿಂದ ನೆಂಟರದು ಫೋನ್ ಮೇಲೆ ಫೋನು. ದೇಹವೇ ಸಿಗದೆ ಎಂಥ ಕರ್ಮ, ನನ್ನ ಮಗ ಬರುತ್ತೇನೆ ಅಂದಿದ್ದಾನೆ ಅಂತ ಬೈದು ಇಟ್ಟುಬಿಡುತ್ತಿದ್ದೆ. ನನ್ನ ಮಂಡಿನೋವು ಹಾಗೇ ಇದೆ. ಹಿತಾ ಆಫೀಸಿಗೆ ಹೋಗುತ್ತಾಳೆ, ಹೋಗುತ್ತಾಳೆ ಅಷ್ಟೇ. ಮೆಟ್ರೋದಲ್ಲಿ ಇಳಿಯುವ ಸ್ಟೇಷನ್ ದಾಟಿ ಕೊನೆಯವರೆಗೂ ಹೋಗಿ ವಾಪಸ್ಸು ಬರುತ್ತಾಳಂತೆ. ಸೊಸೆ ಅಂತ ಗದರಿಸಲೂ ಬಾಯಿ ಬರುವುದಿಲ್ಲ.

ನಿನ್ನ ಮೇಲೆ ನನಗಿರುವ ಸಿಟ್ಟು ಒಂದೇ ಮಾತಿನದು. ‘ಬಂದೆ.’ ತಟ್ಟೆ ಹಾಕಿ ಕರೆದರೆ ‘ಬಂದೆ ಅಮ್ಮಾ’ ಅನ್ನುತ್ತಿದ್ದೆ. ಸಾರು ಆರಿ ತಣ್ಣಗಾದರೂ ನಿನ್ನ ಸುಳಿವಿಲ್ಲ. ಮತ್ತೆ ಕೂಗಿದರೆ ಮತ್ತೆ ‘ಬಂದೆ’. ಇವನ ಬಂದೆಗೂ ಇವನು ಬರುವುದಕ್ಕೂ ಮಧ್ಯೆ ಒಂದು ನಿದ್ದೆ ತೆಗೆಯಬಹುದು ಅಂತ ನಿಮ್ಮಪ್ಪ ರೇಗಿಸುತ್ತಿದ್ದರು. ಮಾತು ಕಲಿತಾಗಿನಿಂದ ನಿನ್ನ ಬಂದೆಯನ್ನು ನಂಬದಿದ್ದ ನಾನು ಆವತ್ತೊಂದು ದಿನ ನಂಬಿಬಿಟ್ಟೆನಲ್ಲ.

ಲಾರಿ, ಕಾರು ಸಾಗಿಸುವ ನಿಮ್ಮ ಹಡಗನ್ನು ಯುದ್ಧ ನಡೆಯುವ ಕಡೆ ಕರೆದಿದ್ದಾರೆ, ಮುತ್ತಿಗೆಯಲ್ಲಿ ಸಿಕ್ಕಿಬಿದ್ದ ಸಿಪಾಯಿಗಳನ್ನು ಸಮುದ್ರದಿಂದಲೇ ಹೊರಗೆ ತರಬೇಕು ಅಂತ ನೀನು ಹೇಳಿದಾಗ, ಅದು ನಮ್ಮ ಯುದ್ಧ ಅಲ್ಲ ಕಣೋ ಅಂತ ಜಗಳ ಆಡಿದ್ದೆ. ‘ಹಡಗಿನ ಬಾಗಿಲು ಇಳಿಸೋನೇ ನಾನು, ನಾನಿಲ್ದೆ ಅವರು ಹತ್ತೋದು ಹೇಗಮ್ಮಾ’ ಅಂತ ನಗುತ್ತಾ ಹೊರಟೆ. ಆಮೇಲೆ ಒಂದು ಬೆಳಿಗ್ಗೆ ಫೋನಿನಲ್ಲಿ ನಿನ್ನ ಮೆಸೇಜು: ‘ಅಮ್ಮಾ, ಬಂದೆ.’ ದೇವರಿಗೆ ತುಪ್ಪದ ದೀಪ ಹಚ್ಚಿದೆ. ನಮ್ಮ ಕಡೆಯ ತರಕಾರಿ ಸಿಗುವ ಆ ಸುರಿನಾಮಿನವರ ಅಂಗಡಿಗೆ ಓಡಿಹೋಗಿ ಸೋರೆಕಾಯಿ ತಂದು ಮಜ್ಜಿಗೆಹುಳಿಗೆ ಇಟ್ಟೆ. ಹಿತಾ ಮಾತ್ರ, ‘ಅತ್ತೆ, ಬಂದೆ ಅಂದ್ರೆ ಬಂದಾಯ್ತಾ, ಇಲ್ಲಾ ಇನ್ನೂ ಬರ್ಬೇಕಾ? ಒಂದು ಕಾಲ್ ಮಾಡ್ಲಾ?’ ಅಂದಳು. ಸುಸ್ತಾಗಿರುತ್ತಾನೆ, ಮಲಗಲಿ ಬಿಡು ಅಂತ ನಾನೇ ತಡೆದೆ. ನೀನು ಆಗ ಮೊದಲ ಸರದಿಯವರನ್ನು ಸುರಕ್ಷಿತವಾದ ದಡದಲ್ಲಿ ಇಳಿಸಿ, ಉಳಿದವರಿಗಾಗಿ ಮತ್ತೆ ಅಲ್ಲಿಗೇ ಹೊರಟಿದ್ದೆಯಂತೆ. ಅವರನ್ನೂ ಕರೆತಂದು ಇನ್ನೇನು ಮನೆಗೆ ಬರುತ್ತೇನೆ ಅಂತ ನಿನ್ನ ಅರ್ಥ. ಹೋಗುವ ದಾರಿಯಲ್ಲೇ ನೀರಿನಲ್ಲಿ ಹುದುಗಿಸಿಟ್ಟಿದ್ದ ಬಾಂಬು ಹಡಗಿಗೆ ತಗುಲಿತು. ನಾನು ತಡೆಯದಿದ್ದರೆ ಹಿತಾಳಿಗೆ ನಿನ್ನ ದನಿ ಇನ್ನೊಂದು ಸಲ ಸಿಗುತ್ತಿತ್ತು. ಅವಳು ಈವರೆಗೂ ಆಡಿ ತೋರಿಸಿಲ್ಲ, ನನ್ನ ಹೊಟ್ಟೆ ಉರಿಯುವುದು ಅದಕ್ಕೇ.

ಮೊನ್ನೆ ಒಬ್ಬ ಸಿಪಾಯಿ ಮನೆ ಹುಡುಕಿಕೊಂಡು ಬಂದಿದ್ದ. ಮೊದಲ ಸರದಿಯಲ್ಲಿ ನಿಮ್ಮ ಹಡಗಿನಲ್ಲಿ ಜಾಗ ಸಾಲದೆ ಮುತ್ತಿಗೆಯ ಆ ಬಂದರಿನಲ್ಲೇ ಉಳಿದವನು. ಆಮೇಲೆ ಬೇರೆ ದೋಣಿಗಳು ಹೋಗಿ ಅವರನ್ನು ಕರೆತಂದವಂತೆ. ತೋಳಿನ ಗಾಯಕ್ಕೆ ಚಿಕಿತ್ಸೆ ಅಂತ ಈ ದೇಶಕ್ಕೆ ಕಳಿಸಿದ್ದಾರೆ. ಕೊಟ್ಟ ಕಾಫಿ ಮುಟ್ಟಲಿಲ್ಲ. ಹಡಗಿನ ಬಾಗಿಲು ಮೇಲೇಳುವಾಗ ನೀನು ಅವರ ಕಡೆ ಕೈ ಬೀಸಿ ‘ಬಂದೆ, ಬಂದೆ’ ಅಂತ ಕೂಗಿದೆಯಂತೆ. ಆ ಗಡಿಬಿಡಿಯಲ್ಲಿ ನಿನ್ನ ಬಾಯಿಗೆ ಇಂಗ್ಲಿಷು ಎಲ್ಲಿಂದ ಬರಬೇಕು! ಪಾಪ, ಅವರು ಅದನ್ನೇ ನಿನ್ನ ಹೆಸರು ಅಂದುಕೊಂಡು, ಬಂದೆ ಬರುತ್ತಾನೆ, ಬಂದೆ ಬರುತ್ತಾನೆ ಅಂತ ಒಬ್ಬರಿಗೊಬ್ಬರು ಧೈರ್ಯ ಹೇಳಿಕೊಂಡು ಕೂತಿದ್ದರಂತೆ. ಹೆಸರಲ್ಲ ಅಂತ ಹಿತಾ ಹೇಳಿದಾಗ, ಹಾಗಾದರೆ ಅರ್ಥ ಏನು ಅಂತ ಕೇಳಿದ. ಬಂದಾಯಿತು ಅಂತ ಅರ್ಥ, ಅಂದಳು ಇವಳು. ಅವನ ಮುಖ ಸಣ್ಣಗಾಯಿತು. ನನಗೆ ತಡೆಯಲಾಗಲಿಲ್ಲ. ಸರಿಯಾಗಿ ಹೇಳು ತಾಯಿ, ಅದು ಬಂದು ನಿಂತವರ ಮಾತಲ್ಲ, ಬರಲು ಹೊರಟವರ ಮಾತು ಅಂತ ಹೇಳಿಸಿದೆ. ಅವನು ನನ್ನ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಎರಡು ತಿಂಗಳಿನಿಂದ ಗಟ್ಟಿಗಿತ್ತಿಯ ಹಾಗೆ ಇದ್ದ ನಾನೂ ಅತ್ತುಬಿಟ್ಟೆ. ಊಟಕ್ಕೆ ಕರೆದಾಗ ನೀನು ಹೇಳುತ್ತಿದ್ದದ್ದು ಶುದ್ಧ ಸುಳ್ಳು. ಅವರಿಗೆ ಹೇಳಿದ್ದು ಸುಳ್ಳಲ್ಲ ಮಗನೇ. ನೀನು ಹೊರಟಿದ್ದೆ.

ಎಲ್ಲಿದ್ದರೂ ಬೆಚ್ಚಗಿರು. ಹಿತಾಳ ಚಿಂತೆ ಬೇಡ, ನಾನಿದ್ದೇನೆ. ನಿನ್ನ ತಲೆ ಸವರಿ ಇಲ್ಲಿಗೆ ಮುಗಿಸುತ್ತೇನೆ.

ನಿನ್ನ ಅಮ್ಮ,
ಭಾನುಮತಿ

ಬರೆಯಬೇಕಾದದ್ದೇ ಉಳಿದುಹೋಯಿತು: ನಾಳೆ ಬೆಳಿಗ್ಗೆ ಮೆಟ್ರೋ ಹತ್ತಿ ಸಮುದ್ರದ ದಡಕ್ಕೆ ಹೋಗುತ್ತಿದ್ದೇವೆ. ನಾನೇ ಒಪ್ಪಿದೆ. ಹಿತಾಳ ತಮ್ಮ ಮೋಹಿತ್ ಎನ್ಸ್‌ಕೆಡೆಯಿಂದ ಬಂದು ನಿನ್ನ ಕರ್ಮ ಮಾಡುತ್ತಾನೆ, ಪುರೋಹಿತರು ಫೋನಿನಲ್ಲಿ ಹೇಳಿಕೊಡುತ್ತಾರೆ. ಎಳ್ಳುನೀರು ಬಿಟ್ಟು, ಪಿಂಡ ಇಟ್ಟು, ಕಾಗೆಯನ್ನು ಕರೆಯುತ್ತೇವೆ. ಅಲ್ಲಿ ಕಾಗೆಗಿಂತ ಕಡಲಹಕ್ಕಿಗಳೇ ಹೆಚ್ಚು, ನೀನು ಯಾವುದಾಗಿ ಬಂದರೂ ಸರಿಯೇ. ಹಿತಾ ಗಾಳಿಯಲ್ಲಿ ನಿಂತು ಕಾಯುತ್ತಿರುತ್ತಾಳೆ. ಕರೆದಾಗ ಈ ಸಲ ಬಂದೆ ಅನ್ನಬೇಡ ಕಂದಾ. ಬಾ.