ಬಟ್ಟೆ ಸುತ್ತಿದ ಅಳತೆಪಟ್ಟಿ

ಅಕ್ಕಾ,

ಇವತ್ತು ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ನನಗೂ ನಿನ್ನದೇ ಕಾಯಿಲೆ, ಸೋರಿಯಾಸಿಸ್. ಮೊಣಕೈಯಲ್ಲಿ ಶುರುವಾಗಿದ್ದು ಈಗ ಬೆನ್ನೆಲ್ಲ ಹರಡಿದೆ. ಹೊಪ್ಪಳೆ ಎದ್ದ ಜಾಗವನ್ನು ಡಾಕ್ಟರು ಬರಿಗೈಯಲ್ಲೇ ಮುಟ್ಟಿ ನೋಡಿದರು. ನಾನೇ ಹಿಂದೆ ಸರಿದೆ.

"ಅಯ್ಯೋ, ಇದು ಅಂಟುರೋಗ ಅಲ್ಲಮ್ಮ," ಎಂದರು. "ಪೂರ್ತಿ ಹೋಗಲ್ಲ, ಆದ್ರೆ ಹತೋಟಿಯಲ್ಲಿ ಇಟ್ಕೋಬಹುದು. ತುರಿಸ್ಕೋಬೇಡಿ. ಸ್ನಾನ ಆದ ತಕ್ಷಣ ಮುಲಾಮು ಹಚ್ಚಿ. ಬೆನ್ನಿಗೆ ಹಚ್ಚಿಕೊಡೋಕೆ ಮನೇಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಹಾಗಾದ್ರೆ ಉದ್ದನೆ ಕೋಲಿನ ತುದಿಗೆ ಮೆತ್ತನೆ ಬಟ್ಟೆ ಕಟ್ಕೊಳ್ಳಿ."

ನಿನ್ನ ಹೊಲಿಗೆಯ ಮರದ ಅಳತೆಪಟ್ಟಿ ನೆನಪಾಯಿತು. ಅದರ ತುದಿಗೆ ನೀನು ಹಳೇ ಬನಿಯನ್ ಚೂರು ಸುತ್ತಿ ಬಾಗಿಲ ಹಿಂದೆ ಇಡುತ್ತಿದ್ದೆ. "ಥೂ, ತುರಿಸ್ಕೊಳ್ಳೋಕೆ ಇದೊಂದು ಕೋಲು ಬೇರೆ" ಎಂದು ನಾನು ಮೂಗು ಮುರಿದಿದ್ದೆ. ನೀನು ತೀರಿಕೊಂಡ ಮರುವಾರವೇ ಅದನ್ನು ಎಸೆದುಬಿಟ್ಟೆ.

ಮನೆಗೆ ಬಂದು ಪೊರಕೆಯ ಹಿಡಿಗೆ ಬಟ್ಟೆ ಕಟ್ಟಿ ಹಚ್ಚಿಕೊಂಡೆ. ಎಷ್ಟು ಒದ್ದಾಡಿದರೂ ನಡುಬೆನ್ನಿಗೆ ಎಟುಕಲಿಲ್ಲ. ನಿನಗೂ ಎಟುಕಿರಲಿಕ್ಕಿಲ್ಲ.

ಹನ್ನೊಂದು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು.