ನೀಲಿ ಫೋನಿನ ಚೀಟಿ

ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರಗಳು.

ಇವತ್ತು ನನ್ನ ಉಪವಾಸ. ಎದ್ದು ನೀರು ಹಿಡಿದು, ಎರಡೂ ಕೋಣೆ ಗುಡಿಸಿ ಒರೆಸಿ, ಬಟ್ಟೆ ಒಗೆದು ಹರವಿ, ದೇವರಿಗೆ ದೀಪ ಹಚ್ಚಿ ಈಗ ಕಾಗದ ಹಿಡಿದು ಕೂತಿದ್ದೇನೆ. ಒಲೆ ಹಚ್ಚುವ ಕೆಲಸವಿಲ್ಲದ್ದರಿಂದ ಅಂಗಡಿಗೆ ಹೊರಡುವ ಮುಂಚೆ ಒಂದು ಗಂಟೆ ಉಳಿಯುತ್ತದೆ. ಭಾವ ತೀರಿಹೋದಮೇಲೆ ನೀನು ಫೋನ್ ಮುಟ್ಟುವುದನ್ನೇ ಬಿಟ್ಟಿದ್ದೀಯ. ಎದುರಿಗೇ ಹೇಳೋಣವೆಂದು ಎರಡು ಸಲ ನಿನ್ನ ಮನೆಗೆ ಬಂದೆ. ಎರಡು ಸಲವೂ ಚಹಾ ಕುಡಿದು, ಲೋಟ ತೊಳೆದಿಟ್ಟು ಎದ್ದುಬಂದೆ. ಅದಕ್ಕೇ ಬರೆಯುತ್ತಿದ್ದೇನೆ. ನಡುವೆ ಮಡಚಿಡಬೇಡ, ಕೊನೆಯವರೆಗೂ ಓದು.

ಐದು ತಿಂಗಳಿಂದ ಬಂದವರಿಗೆಲ್ಲ ನೀನು ಒಂದೇ ಮಾತು ಹೇಳುತ್ತಿದ್ದೀಯ. "ಬೆಳಿಗ್ಗೆ ನನ್ನ ಹತ್ರ ಜಗಳ ಆಡ್ಕೊಂಡು ಹೋದ್ರು. ಎದೆನೋವು ಬಂದಾಗಲೂ ಒಂದು ಫೋನ್ ಮಾಡ್ಲಿಲ್ಲ. ನಾನೂ ಮಾಡಬಾರದು ಅಂತ ಸಿಮ್ಮನ್ನೇ ಕಿತ್ತಿಟ್ಟು ಕೂತಿದ್ರು." ಇದು ಹಾಗಲ್ಲ ಅಕ್ಕ. ಭಾವ ಫೋನ್ ಮಾಡದೆ ಹೋದದ್ದು ಕೋಪದಿಂದಲ್ಲ. ನಾನು ಬರೆದ ಒಂದು ಚೀಟಿಯಿಂದ.

ನನ್ನ ಕೆಲಸ ಏನೆಂದು ನಿನಗೆ ಪೂರ್ತಿ ಗೊತ್ತಿಲ್ಲ. ಅಂಗಡಿ ಗುಡಿಸುವುದು, ಗಾಜು ಒರೆಸುವುದು ಒಂದು. ಊರ ಶಾಲೆಯ ಮೇಷ್ಟ್ರು ಬೆರಳ ಗೆಣ್ಣಿಗೆ ಹೊಡೆದು ತಿದ್ದಿಸಿದ ಅಕ್ಷರ ನನ್ನದಲ್ಲವೇ, ಅದನ್ನು ನೋಡಿದ ಮಾಲೀಕರು ಇನ್ನೊಂದು ಕೆಲಸ ಕೊಟ್ಟರು. ಒಂದೊಂದು ಫೋನಿನ ಕೆಳಗೂ ಒಂದು ಚೀಟಿ ಇಡಬೇಕು. ಪರದೆ ಎಷ್ಟು ಇಂಚು, ರ‍್ಯಾಮ್ ಎಷ್ಟು, ಕ್ಯಾಮೆರಾ ಎಷ್ಟು, ಬ್ಯಾಟರಿ ಎಷ್ಟು, ಕಡೆಯ ಸಾಲಿನಲ್ಲಿ ನೀರು ತಡೆಯುತ್ತದೋ ಇಲ್ಲವೋ. ಕಂಪನಿಯಿಂದ ಬರುವ ದೊಡ್ಡ ಹಾಳೆಯಲ್ಲಿ ಎಲ್ಲ ಫೋನುಗಳೂ ಅಕ್ಕಪಕ್ಕ ಕಂಬದ ಹಾಗೆ ನಿಂತಿರುತ್ತವೆ. ಯಾವ ಫೋನಿನದು ಬರೆಯಬೇಕೋ ಅದರ ಪಕ್ಕ ಅಡ್ಡಪಟ್ಟಿ ಇಟ್ಟುಕೊಂಡು ಮೇಲಿನಿಂದ ಕೆಳಗೆ ಇಳಿಯುತ್ತೇನೆ. ಅರ್ಥವಾಗಿ ಬರೆಯುವುದಲ್ಲ, ನೋಡಿ ಬರೆಯುವುದು.

ಭಾವನ ಹಳೆಯ ಫೋನು ಪಂಪ್‌ಹೌಸಿನ ಕೆಲಸದಲ್ಲಿದ್ದಾಗ ನೀರಿನ ಗುಂಡಿಯಲ್ಲಿ ಬಿದ್ದು ಹೋಯಿತಲ್ಲ, ಅದಾದ ಮೂರನೇ ದಿನ ಅಂಗಡಿಗೆ ಬಂದರು. ಕೈಗೆ ಗ್ರೀಸು ಹತ್ತಿದೆಯೆಂದು ಯಾವ ಫೋನನ್ನೂ ಮುಟ್ಟಲಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ಚೀಟಿಗಳನ್ನೇ ಓದಿದರು. ಅವರ ಲೆಕ್ಕಕ್ಕೆ ಹೊಂದುವಂಥವು ಎರಡೇ ಇದ್ದವು, ಒಂದು ಕಪ್ಪು, ಒಂದು ನೀಲಿ. ಮಾರುವ ಹುಡುಗಿ ಕಪ್ಪಿನ ಕ್ಯಾಮೆರಾ ಅರವತ್ತನಾಲ್ಕು, ನೀಲಿಯದು ಐವತ್ತು ಎಂದಳು. "ಪಂಪಿಗೇನು ಫೋಟೋ ತೆಗೆಸ್ಕೊಳ್ಳೋ ಆಸೆ ಇಲ್ಲಮ್ಮ" ಅಂದರು. ಕಪ್ಪಿಗೆ ರ‍್ಯಾಮ್ ಎಂಟು, ನೀಲಿಗೆ ಆರು ಎಂದಳು. "ಅದು ಜಾಸ್ತಿ ಇದ್ರೆ ಏನಾಗುತ್ತೆ?" "ಬೇಗ ಬೇಗ ಕೆಲಸ ಮಾಡುತ್ತೆ ಸರ್." "ನಾನೇ ನಿಧಾನ, ಅದೊಂದು ಬೇಗ ಮಾಡಿ ಏನು ಮಾಡುತ್ತೆ?" ಆ ಹುಡುಗಿ ನಗುತ್ತಾ ಒಳಗೆ ಹೋದಳು.

ಆಮೇಲೆ ನನ್ನನ್ನು ಕರೆದರು. "ಅಕ್ಷರಮ್ಮ, ಇಲ್ಲಿ ಬಾ. ಎರಡಕ್ಕೂ ನೀರಲ್ಲಿ ಬಿದ್ರೂ ಏನೂ ಆಗಲ್ಲ ಅಂತ ಬರೆದಿದ್ದೀಯ. ನೀರು ಎರಡಕ್ಕೂ ಒಂದೇ ಅಂದಮೇಲೆ ಬ್ಯಾಟರಿ ನೋಡಿ ತಗೊಳ್ಳೋದು ತಾನೆ? ನೀಲಿಯದು ಆರು ಸಾವಿರ, ಕಪ್ಪಿನದು ನಾಲ್ಕೂವರೆ." ಹೌದು ಭಾವ ಅಂದೆ. "ನನ್ನ ನಾದಿನಿ ಬರೆದಿದ್ದು, ಅಚ್ಚು ಹಾಕಿದಂಗಿದೆ ನೋಡಿ" ಎಂದು ಮಾಲೀಕರಿಗೂ ಹೇಳಿ, ನೀಲಿಯದನ್ನೇ ತೆಗೆದುಕೊಂಡು ಹೋದರು.

ಭಾವ ತೀರಿಕೊಂಡ ದಿನ ಏನಾಯಿತೆಂದು ನನಗಿಂತ ನಿನಗೇ ಗೊತ್ತು. ರಜೆಯ ದಿನ ಯಾಕೆ ಕೆಲಸಕ್ಕೆ ಹೋಗುತ್ತೀರೆಂದು ನೀನು ಬೈದೆ, ಹೋಗೋದಾದ್ರೆ ಅಲ್ಲೇ ಇದ್ದುಬಿಡಿ ಅಂದೆ. ಮಧ್ಯಾಹ್ನ ಪಂಪ್‌ಹೌಸಿನ ಮೆಟ್ಟಿಲ ಮೇಲೆ ಸಿಕ್ಕರು. ಫೋನು ಜೇಬಿನಲ್ಲಿಟ್ಟುಕೊಂಡೇ ಗುಂಡಿಗೆ ಇಳಿದಿದ್ದರು, ಸೊಂಟದವರೆಗೂ ಬಟ್ಟೆ ಒದ್ದೆ. ಬಲಗೈಯಲ್ಲಿ ಫೋನು. ಪಕ್ಕದಲ್ಲಿ ಹಾಸಿದ ಕರವಸ್ತ್ರದ ಮೇಲೆ ಸಿಮ್ಮಿನ ಸಣ್ಣ ತಟ್ಟೆ, ಒಂದು ತಂತಿಯ ತುಂಡು. ಅರ್ಧ ಗಂಟೆ ಮುಂಚೆ ಕರೆತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದಾಗ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವು.

ಹೋದ ವಾರ ನಿನ್ನ ಮಗಳು ಆ ಫೋನನ್ನು ಅಂಗಡಿಗೆ ತಂದಿದ್ದಳು, ಅಪ್ಪನ ಫೋಟೋಗಳೇನಾದರೂ ಸಿಗುತ್ತವೆಯೇ ಎಂದು. ನಿನಗೆ ಹೇಳಬೇಡ ಎಂದಿದ್ದಳು, ಅವಳನ್ನು ಬೈಯಬೇಡ. ನಮ್ಮ ರಿಪೇರಿಯವರು ವಯಸ್ಸಾದವರು, ಅವರನ್ನು ಎಲ್ಲರೂ ಕನ್ನಡಕದವರು ಎನ್ನುತ್ತಾರೆ. ಬೆನ್ನು ಬಿಚ್ಚಿ ನೋಡಿ, "ಒಳಗೆಲ್ಲ ಗುಂಡಿ ನೀರಿನ ಕೆಸರು ಕೂತಿದೆಯಮ್ಮ. ಇದು ನೀರು ಚಿಮುಕಿಸಿದರೆ ತಡೆಯುತ್ತೆ, ಮುಳುಗಿದರೆ ತಡೆಯಲ್ಲ" ಅಂದರು. ಕರವಸ್ತ್ರದ ಮೇಲೆ ತಟ್ಟೆ, ತಂತಿ ಇದ್ದದ್ದನ್ನೆಲ್ಲ ಹೇಳಿ ಸಿಮ್ಮಿನ ವಿಷಯ ನಾನೇ ಕೇಳಿದೆ. ಸಿಟ್ಟಿನಲ್ಲಿ ಕಿತ್ತಿಟ್ಟಿದ್ದರಂತೆ ಅಂದೆ. ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದರು. "ಸಿಟ್ಟಿಗೆ ಯಾರಾದರೂ ತಂತಿ ಬಗ್ಗಿಸಿ ತಟ್ಟೆ ತೆಗೆದು, ಒರೆಸಿ, ಬಟ್ಟೆ ಮೇಲೆ ಒಣಗೋಕೆ ಇಡ್ತಾರಾ? ಆಫ್ ಮಾಡಿದ್ರೆ ಮುಗೀತು. ನೀರಿಗೆ ಬಿದ್ದ ಫೋನು ಮತ್ತೆ ಹತ್ತಲಿ ಅಂತ ಎಲ್ಲರೂ ಮೊದಲು ಮಾಡೋದು ಇದನ್ನೇ. ಆ ಮನುಷ್ಯ ಯಾರಿಗೋ ಫೋನ್ ಮಾಡಬೇಕು ಅಂತ ಒದ್ದಾಡಿದ್ದಾರೆ."

ಸಂಜೆ ಆ ದೊಡ್ಡ ಹಾಳೆ ಹುಡುಕಿ ತೆಗೆದೆ. ನೀಲಿಯ ಕಂಬದ ತುದಿಯಲ್ಲಿ ಐಪಿ ಐವತ್ತನಾಲ್ಕು ಎಂದಿದೆ, ತುಂತುರಿಗೆ ಮಾತ್ರ. ಮುಳುಗಿದರೂ ತಡೆಯುವ ಅರವತ್ತೆಂಟು ಇರುವುದು ಕಪ್ಪಿಗೆ. ನೀಲಿಯ ಚೀಟಿ ಬರೆಯುವಾಗ ಬ್ಯಾಟರಿವರೆಗೂ ಇಳಿದಿದ್ದೆ, ಕಡೆಯ ಸಾಲು ಒಂದು ಉಳಿದಿತ್ತು. ಪೆಟ್ಟಿಗೆಗಳು ಬಂದವೆಂದು ಸಹಿ ಹಾಕಲು ಎದ್ದುಹೋದೆ. ತಿರುಗಿ ಬಂದು ಕೂತಾಗ ಅಡ್ಡಪಟ್ಟಿಯನ್ನು ಪಕ್ಕದ ಕಂಬಕ್ಕೆ ಇಟ್ಟಿರಬೇಕು. ಅಷ್ಟೇ ಆದದ್ದು.

ಮಾಲೀಕರಿಗೆ ಹೇಳಿದೆ. ಅವರು ಬಾಗಿಲ ಕಡೆ ನೋಡಿ, "ಆದದ್ದು ಆಯ್ತು, ಹೊರಗೆ ಯಾರ ಹತ್ರಾನೂ ಆಡ್ಬೇಡಿ" ಅಂದರು. ಆಯಿತು ಅಂದೆ. ನೀನು ಹೊರಗಿನವಳಲ್ಲ. ಈಗ ನಾನು ಬರೆದದ್ದನ್ನು ಕನ್ನಡಕದವರು ಹಾಳೆಯ ಜೊತೆ ಹೋಲಿಸಿ ನೋಡಿದ ಮೇಲೆಯೇ ಗಾಜಿನೊಳಗೆ ಇಡುವುದು. ನಿನ್ನೆ ಆರು ಬರೆದೆ. ಅಕ್ಷರ ಮೊದಲಿನಷ್ಟೇ ದುಂಡಗೆ ಬಂದವು. ಅಳುವೂ ಬಂದಿಲ್ಲ. ದೇವರ ಮುಂದೆ ಕೂತರೆ ಬಾಯಿ ಅದರ ಪಾಡಿಗೆ ಹೆಸರು ಹೇಳುತ್ತದೆ, ಒಳಗೆ ಏನೂ ಆಗುವುದಿಲ್ಲ, ಮರಗಟ್ಟಿದ ಕಾಲಿನ ಮೇಲೆ ನಿಂತ ಹಾಗೆ. ಉಪವಾಸದಲ್ಲಿ ಹಸಿವೂ ಆಗುತ್ತಿಲ್ಲ. ಹಸಿವೇ ಆಗದ ಉಪವಾಸ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ತಿಳಿಯದು. ಆದರೂ ಮಾಡುತ್ತಿದ್ದೇನೆ.

ಇದನ್ನು ಮುಚ್ಚಿಟ್ಟಿದ್ದರೆ ನೀನು ನನ್ನ ಜೊತೆ ಮೊದಲಿನ ಹಾಗೇ ಇರುತ್ತಿದ್ದೆ. ಆದರೆ ಭಾವನ ಮೇಲೆ ಅವರಿಗಿಲ್ಲದ ಕೋಪ ಹೊರಿಸಿ, ಅಲ್ಲೇ ಇದ್ದುಬಿಡಿ ಎಂದು ನೀನಾಡಿದ ಆ ಒಂದು ಮಾತನ್ನು ಎದೆಯಲ್ಲಿಟ್ಟುಕೊಂಡು ಬದುಕುತ್ತಿದ್ದೆ. ಅವರ ಬೆರಳು ಕಡೆಗೆ ಮಾಡುತ್ತಿದ್ದದ್ದು ನಿನಗೆ ಫೋನ್ ಮಾಡುವ ಕೆಲಸ. ಅವರಿಗೆ ಬಾಯಿಪಾಠ ಬರುತ್ತಿದ್ದದ್ದು ನಿನ್ನ ನಂಬರೊಂದೇ ಎಂದು ನೀನೇ ಎಷ್ಟು ಸಲ ನಕ್ಕಿಲ್ಲ.

ಕ್ಷಮಿಸು ಎಂದು ಬರೆಯಲು ಕೂತಿಲ್ಲ, ಅದನ್ನು ಕೇಳುವ ಬಾಯಿ ನನಗಿಲ್ಲ. ನಿನ್ನ ಮನೆಗೆ ಬರಬೇಡ ಅಂದರೆ ಬರುವುದಿಲ್ಲ. ಚೀಟಿಯನ್ನು ಇದರ ಜೊತೆ ಇಟ್ಟಿದ್ದೇನೆ, ಹರಿದುಹಾಕುವುದೋ ಇಟ್ಟುಕೊಳ್ಳುವುದೋ ನಿನ್ನಿಷ್ಟ. ರಾತ್ರಿ ನಿನಗೆ ನಿದ್ದೆ ಬರಲಿ, ಮಗಳು ನಿನ್ನ ಹತ್ತಿರವೇ ಇರಲಿ, ದೇವರು ನಿನ್ನ ಕೈ ಬಿಡದಿರಲಿ.

ಹೀಗೆ ಬರೆದವಳು,
ನಿನ್ನ ಒಡಹುಟ್ಟಿದವಳು

ಮತ್ತೊಂದು ಮಾತು. ಗುರುವಾರ ಕನ್ನಡಕದವರು ನಿಮ್ಮ ಬೀದಿಯ ಕಡೆ ಬರುತ್ತಾರೆ, ಗೇಟಿನ ಹತ್ತಿರ ಸ್ವಲ್ಪ ನಿಲ್ಲಿ ಎಂದು ಕೇಳಿಕೊಂಡಿದ್ದೇನೆ. ನಿನ್ನ ಉತ್ತರ ಅವರ ಕೈಗೆ ಕೊಡು, ತಂದುಕೊಡುತ್ತಾರೆ. ನನ್ನ ವಿಷಯ ಏನೂ ಬರೆಯಬೇಕಾಗಿಲ್ಲ. ಭಾವ ಫೋನ್ ಮಾಡಲು ನೋಡಿದರು ಅನ್ನುವುದನ್ನು ನಂಬಿದೆಯೋ ಇಲ್ಲವೋ, ಅಷ್ಟು ಬರೆದು ಕಳಿಸು.