ವಾರಕ್ಕೊಂದೇ ಅಡುಗೆ

ಸೆಪ್ಟೆಂಬರ್ 3, ಭಾನುವಾರ

ಈರುಳ್ಳಿ ಮುಗೀತು. ಕಣ್ಣು ಇನ್ನೂ ಉರೀತಿದೆ. ಬೇಳೆ ಎರಡು ಕುಕ್ಕರ್ ಇಳಿಸಿದ್ದಾಯ್ತು, ಮೂರನೇದು ಕೂಗ್ತಿದೆ. ಒಂದು ಕಡೆ ಹುರುಳಿಕಾಯಿ ರಾಶಿ, ಇನ್ನೊಂದು ಕಡೆ ಕ್ಯಾರೆಟ್. ಅಡುಗೆಮನೇಲಿ ಕಾಲಿಡೋಕೆ ಜಾಗ ಇಲ್ಲ. ಆದ್ರೂ ಒಂಥರಾ ಖುಷಿ.

ಪ್ಲಾನ್ ಸರಳ. ಭಾನುವಾರ ಒಂದು ದಿನ ಒಲೆ ಮುಂದೆ ನಿಲ್ಲೋದು. ಬೇಳೆ ಬೇಯಿಸಿ ಡಬ್ಬಿ. ಈರುಳ್ಳಿ-ಟೊಮ್ಯಾಟೊ ಹುರಿದು ಡಬ್ಬಿ. ತರಕಾರಿ ಹೆಚ್ಚಿ ಡಬ್ಬಿ. ಅರ್ಧ ಫ್ರೀಜರಿಗೆ, ಅರ್ಧ ಕೆಳಗೆ. ವಾರದ ದಿನ ಸಂಜೆ ಡಬ್ಬಿ ತೆಗಿ, ಬಿಸಿ ಮಾಡು, ಅನ್ನಕ್ಕಿಡು, ಬಡಿಸು. ಅರ್ಧ ಗಂಟೆ ಕೆಲಸ. ಗೋಡೌನಲ್ಲಿ ಬೇರಿಂಗು, ಬೆಲ್ಟು, ಪಂಪಿನ ಬಿಡಿಭಾಗ ಅಂತ ಸಾವಿರಾರು ಐಟಂ ನೋಡ್ಕೊಳ್ಳೋ ಸ್ಟೋರ್‌ಕೀಪರ್ ನಾನು. ನಾಲ್ಕು ಜನರ ಊಟ ಯಾವ ಮಹಾ.

ಹೆಂಡತಿ ಕೋರ್ಸು ನಾಳೆಯಿಂದ. ಡಯಾಲಿಸಿಸ್ ಟ್ರೇನಿಂಗು. ಆರು ವಾರ ಬೆಳಗಿನ ಡ್ಯೂಟಿ ಕೊಟ್ಟಿದಾರೆ, ಅದು ಮುಗಿಸಿ ಆಸ್ಪತ್ರೆಯಲ್ಲೇ ಐದೂವರೆಯಿಂದ ಎಂಟರವರೆಗೆ ಕ್ಲಾಸು. ಕೊನೇಲಿ ಪರೀಕ್ಷೆ. ಪಾಸಾದರೆ ಆ ವಾರ್ಡಿಗೆ ಹಾಕ್ತಾರೆ, ಅಲ್ಲಿ ನೈಟ್ ಡ್ಯೂಟಿ ಇಲ್ಲ. ಇಲ್ಲಾಂದ್ರೆ ಮತ್ತೆ ರಾತ್ರಿಯೇ ಗತಿ. ಮಗಳು ಹುಟ್ಟಿದಾಗಿಂದ ನಮ್ಮ ನರ್ಸಮ್ಮ ತಿಂಗಳಲ್ಲಿ ಅರ್ಧದಷ್ಟು ರಾತ್ರಿ ಮನೇಲಿ ಮಲಗಿಲ್ಲ. ಹಗಲು ಮಲಗಿದ್ರೆ ಒಂದು ಕಾಲಿಂಗ್ ಬೆಲ್, ಒಂದು ಕುಕ್ಕರ್ ಸೀಟಿ... ಕಣ್ಣ ಕೆಳಗೆ ಕಪ್ಪಾಗಿಬಿಟ್ಟಿದೆ.

ನಾನೇ ಹೇಳ್ದೆ, ಅಡುಗೆ ನನಗೆ ಬಿಡು, ಈ ಆರು ವಾರ ನೀನು ಆ ಕಡೆ ತಲೆ ಹಾಕಿಯೂ ಮಲಗ್ಬೇಡ ಅಂತ. ನಕ್ಕಳು. ಆ ನಗು ಯಾಕೋ ಸರಿಬರ್ಲಿಲ್ಲ.

ಅಮ್ಮ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕ್ಕೊಂಡು ಬೆಳಗ್ಗೆಯಿಂದ ನೋಡ್ತಿದಾಳೆ. ತುಟಿಪಿಟಕ್ ಅಂದಿಲ್ಲ. ಅದೇ ಭಯ.

ಸೆಪ್ಟೆಂಬರ್ 4, ಸೋಮವಾರ

ಗೆದ್ದೆ. ಏಳೂವರೆಗೆ ಊಟ ರೆಡಿ. ಒಂದೇ ಒಂದು ಫೋನ್ ಮಾಡ್ದೆ ಇವಳಿಗೆ, ಉಪ್ಪಿನ ಡಬ್ಬಿ ಎಲ್ಲಿ ಅಂತ. ಒಲೆ ಪಕ್ಕದಲ್ಲೇ ಇತ್ತು.

ಸೆಪ್ಟೆಂಬರ್ 6, ಬುಧವಾರ

ಅಮ್ಮ ಬಾಯಿ ಬಿಟ್ಟಳು. ತಟ್ಟೆ ನೋಡಿ, ಇದು ಯಾವತ್ತಿಂದು ಅಂತ ಕೇಳಿದ್ಲು. ಭಾನುವಾರದ್ದು ಅಂದೆ. ಚಮಚ ಕೆಳಗಿಟ್ಟಳು.

“ಭಾನುವಾರ ಬೇಯಿಸಿದ್ದನ್ನ ಬುಧವಾರ ತಿನ್ನೋಕೆ ನಾನೇನು ರೈಲಲ್ಲಿ ಹೋಗ್ತಿದೀನಾ?”

ಫ್ರಿಜ್ಜು, ಟೆಂಪರೇಚರು, ಗಾಳಿಯಾಡದ ಮುಚ್ಚಳ... ಎಲ್ಲ ಹೇಳ್ದೆ. ಗೋಡೆಗೆ ಹೇಳಿದ್ರೆ ಅದಾದ್ರೂ ಕೇಳ್ತಿತ್ತು. ಹೋದ ವರ್ಷ ಬಚ್ಚಲಲ್ಲಿ ಬಿದ್ದು ಸೊಂಟಕ್ಕೆ ರಾಡ್ ಹಾಕಿಸ್ಕೊಂಡವಳು. ಕೋಲು ಹಿಡಿದು ನಡೀತಾಳೆ. ಬೈಯೋ ಹಾಗೂ ಇಲ್ಲ. ಹಾಲು, ಬ್ರೆಡ್ ಕೊಡು ಸಾಕು ಅಂದ್ಲು, ಜೈಲಲ್ಲಿದ್ದೋರ ಥರ ಮುಖ ಮಾಡಿ.

ಕಡೆಗೆ ಇವಳಿಗೆ ಫೋನ್ ಮಾಡಿ ಸ್ಪೀಕರ್ ಹಾಕ್ದೆ. ನೀನೇ ಹೇಳು ಅಮ್ಮನಿಗೆ ಅಂದೆ. ಇವಳು ಪಿಸುಗುಟ್ಟಿಕೊಂಡು ಏನೋ ಹೇಳಿದ್ಲು. ಅತ್ತೆ, ತಿನ್ನಿ, ಏನೂ ಆಗಲ್ಲ ಅಂತಿರ್ಬೇಕು. ಅಮ್ಮ ಸೊಸೆ ಮೇಲಿನ ಪ್ರೀತಿಗೆ ನಾಲ್ಕು ಚಮಚ ತಿಂದ್ಲು. ನನ್ನ ಮೇಲಿನ ಪ್ರೀತಿಗೆ ಏನೂ ಇಲ್ಲ.

ಸೆಪ್ಟೆಂಬರ್ 8, ಶುಕ್ರವಾರ

ಡಬ್ಬಿ ಮೇಲೆ ಅಂಟಿಸಿದ್ದ ಚೀಟಿಗಳೆಲ್ಲ ಥಂಡಿಗೆ ಬಿಟ್ಕೊಂಡು ಫ್ರಿಜ್ಜಿನ ತಳದಲ್ಲಿ ಬಿದ್ದಿವೆ. ಸ್ಟೋರ್‌ಕೀಪರ್ ಮನೇಲಿ ಈ ಅವಸ್ಥೆ. ಗೋಡೌನಲ್ಲಿ ಗೊತ್ತಾದ್ರೆ ಮಾನ ಹೋಗುತ್ತೆ.

ಬೇಳೆ ಅಂತ ತೆಗೆದದ್ದು ಹುರಿದ ಈರುಳ್ಳಿ. ನೀರು ಹಾಕಿ ಕುದಿಸಿಬಿಟ್ಟೆ. ಮಗಳಿದಾಳಲ್ಲ, ಹದಿನಾಲ್ಕಕ್ಕೇ ಮಾತಿಗೆ ಮಾತು ಕೂಡಿಸೋ ಲಾಯರಮ್ಮ, ಒಂದು ತುತ್ತು ತಿಂದು, ಅಪ್ಪ, ಇದು ಸಾರಲ್ಲ, ಸಾರಿನ ಪೂರ್ವಜನ್ಮ ಅಂದ್ಲು. ಅಮ್ಮ ನಕ್ಕಿದ್ದು ನೋಡ್ಬೇಕಿತ್ತು. ಮೂರು ದಿನದಿಂದ ಮುಖ ಊದಿಸ್ಕೊಂಡಿದ್ದವಳು ಸೆರಗು ಬಾಯಿಗಿಟ್ಕೊಂಡು ನಕ್ಕಳು.

ಇವಳಿಗೆ ಮೂರು ಸಲ ಫೋನ್ ಮಾಡ್ಬೇಕಾಯ್ತು. ಕೆಂಪು ಮುಚ್ಚಳದ್ದು ಯಾವುದು, ನೀರು ಎಷ್ಟು, ಸೀಟಿ ಎಷ್ಟು. ಈಗಲೂ ಪಿಸುಪಿಸು. ಬಾಯಿಬಿಟ್ಟು ಹೇಳಿದ್ರೆ ಏನು ಗಂಟು ಹೋಗುತ್ತೋ.

ಸೆಪ್ಟೆಂಬರ್ 10, ಭಾನುವಾರ

ಎರಡನೇ ಸುತ್ತು. ಇವತ್ತು ಡಬ್ಬಿ ಮೇಲೆ ಮಾರ್ಕರಲ್ಲೇ ಬರೆದೆ.

ಇವಳಿಗೆ ಕಟ್ಟುನಿಟ್ಟಾಗಿ ಹೇಳಿದ್ದೆ. ರೂಮಲ್ಲಿ ಕೂತು ಓದು, ನಾನು ಕೇಳಿದಾಗ ಅಲ್ಲಿಂದಲೇ ಹೇಳು, ಸಾಕು. ಹನ್ನೊಂದು ಗಂಟೆಗೆ ನೋಡ್ತೀನಿ, ಪುಸ್ತಕ ಅಕ್ಕಿ ಡ್ರಮ್ಮಿನ ಮೇಲೆ ತೆರೆದಿಟ್ಟು ಹುರುಳಿಕಾಯಿ ಹೆಚ್ತಾ ನಿಂತಿದಾಳೆ. ಯಾಕೆ ಬಂದೆ ಅಂದ್ರೆ, ಅಲ್ಲಿಂದ ಕೂಗಿ ಹೇಳೋದಕ್ಕಿಂತ ಇದೇ ಸಲೀಸು ಅಂತಾಳೆ.

ಹೆಂಗಸರಿಗೆ ಅಡುಗೆಮನೆ ಬಿಟ್ಟುಕೊಡೋಕೆ ಮನಸ್ಸೇ ಬರಲ್ಲ. ನಾನು ಎಷ್ಟು ಒದ್ದಾಡಿದ್ರೂ ಅಷ್ಟೇ.

ಸೆಪ್ಟೆಂಬರ್ 14, ಗುರುವಾರ

ಗ್ಯಾಸ್ ಖಾಲಿ. ಹೊಸ ಸಿಲಿಂಡರಿಗೆ ರೆಗ್ಯುಲೇಟರ್ ಕೂರ್ತಾನೇ ಇಲ್ಲ. ಫೋನ್ ಮಾಡ್ದೆ, ಕಟ್ ಮಾಡಿದ್ಲು. ಮತ್ತೆ ಮಾಡ್ದೆ, ಮತ್ತೆ ಕಟ್. ಮೂರನೇ ಸಲಕ್ಕೆ ಎತ್ತಿದ್ಲು, ಏನಾಯ್ತು ಏನಾಯ್ತು ಅಂತ ಏದುಸಿರು. ರೆಗ್ಯುಲೇಟರ್ ಅಂದೆ. ಹೇಗೆ ಕೂರಿಸೋದು ಅಂತ ಹೇಳಿಕೊಟ್ಟಳು.

ಏಳಕ್ಕೆಲ್ಲ ಮನೆಗೆ ಬಂದ್ಲು. ಕ್ಲಾಸ್ ಬೇಗ ಮುಗೀತಾ ಅಂದೆ. ಹೂಂ ಅಂದ್ಲು. ಬಂದವಳೇ ಬಿಸಿಬಿಸಿ ಅನ್ನ, ಆಗ ತಾನೇ ಕುದಿಸಿದ ಸಾರು. ಅಮ್ಮ ತಟ್ಟೆ ಬಳಿದು ತಿಂದ್ಲು. ನನ್ನ ಗುರುವಾರದ ಡಬ್ಬಿ ಹಾಗೇ ಉಳೀತು. ಈಗ ಶುಕ್ರವಾರಕ್ಕೆ ಎರಡು. ಸ್ಟಾಕ್ ಎಲ್ಲ ಏರುಪೇರು.

ಸೆಪ್ಟೆಂಬರ್ 19, ಮಂಗಳವಾರ

ಇವತ್ತೂ ಬೇಗ ಬಂದ್ಲು. ಇದೆಂಥ ಕ್ಲಾಸೋ. ಅಕ್ಕಿಗೆ ಎಷ್ಟು ನೀರು ಅಂತ ಫೋನಲ್ಲಿ ಕೇಳಿ ಮುಕ್ಕಾಲು ಗಂಟೆ ಆಗಿಲ್ಲ, ಬಾಗಿಲಲ್ಲಿ ನಿಂತಿದಾಳೆ. ಹೀಗೆ ಪಾಠ ಮಾಡಿದ್ರೆ ಪರೀಕ್ಷೆಗೆ ಏನು ಬರೀತೀರಿ, ಎಲ್ಲ ಸೇರಿ ಮೇಲಿನವರಿಗೆ ಕಂಪ್ಲೇಂಟ್ ಕೊಡಿ ಅಂದೆ. ಸಿಂಕಲ್ಲಿ ಕೈ ತೊಳೀತಾನೇ ಇದ್ಲು.

ಅಮ್ಮನ ಮೇಲೆ ಅನುಮಾನ. ನಾನಿಲ್ಲದಾಗ ಲಾಯರಮ್ಮನ ಫೋನಿಂದ ಸೊಸೆಗೆ ದೂರು ಹೇಳ್ತಾಳೋ ಏನೋ. ಇಲ್ಲದಿದ್ರೆ ಇವಳಿಗೆ ಓಡಿ ಬಂದು ಬೇಯಿಸಿ ಹಾಕೋ ದರ್ದು ಏನು.

ಸೆಪ್ಟೆಂಬರ್ 27, ಬುಧವಾರ

ಬರೆಯೋಕೆ ಕೈ ಏಳ್ತಿಲ್ಲ. ಆದ್ರೂ ಬರೀತೀನಿ.

ಫ್ರೀಜರಲ್ಲಿ ಡಬ್ಬಿ ಡಬ್ಬಿಗೆ ಅಂಟಿಕೊಂಡು ಕಲ್ಲಾಗಿತ್ತು. ಚಾಕು ಹಾಕಿ ಮೀಟಿದ್ರೆ ಮುಚ್ಚಳ ಸೀಳ್ತು. ತಲೆ ಕೆಟ್ಟು ಇವಳಿಗೆ ಫೋನ್ ಮಾಡ್ದೆ. ಎತ್ತೋವರೆಗೂ ಮಾಡ್ದೆ. ಬಿಸಿನೀರಲ್ಲಿಡಿ ಅಂದು ಇಟ್ಟಳು.

ಏಳಕ್ಕೆ ಬಂದ್ಲು. ಶೂ ಬಿಚ್ಚಲಿಲ್ಲ, ಬ್ಯಾಗ್ ಇಳಿಸಲಿಲ್ಲ, ಹಾಗೇ ಕುರ್ಚೀಲಿ ಕೂತ್ಲು. ನಾನು ಅಮ್ಮನಿಗೆ ಶುರು ಮಾಡಿದ್ದೆ. ನೋಡು, ನೀನು ದೂರು ಹೇಳಿ ಹೇಳಿ ಇವಳು ಕ್ಲಾಸ್ ಬಿಟ್ಟು ಬರ್ತಿದಾಳೆ ಅಂತ. ಆಗ ಇವಳು ಬಾಯಿ ಬಿಟ್ಟಳು. ದನಿ ಏರಿಸಲಿಲ್ಲ.

“ಅತ್ತೆ ಒಂದು ದಿನಾನೂ ಫೋನ್ ಮಾಡಿಲ್ಲ. ಮಾಡೋದು ನೀವು. ಕ್ಲಾಸ್ ಮಧ್ಯೆ ಎದ್ದು ಹೊರಗೆ ಹೋದವರು ಹಾಗೇ ಮನೆಗೆ ಹೋಗ್ಬೇಕು, ಆವತ್ತು ಆಬ್ಸೆಂಟ್. ಮೊದಲನೇ ವಾರ ಅವರೂ ಸುಮ್ನಿದ್ರು, ಆಮೇಲೆ ಈ ರೂಲ್ ಮಾಡಿದ್ರು. ನನ್ನ ನೋಡಿಯೇ ಮಾಡಿದ್ರು.”

ಹಾಗಾದ್ರೆ ಎತ್ತಬಾರದಿತ್ತು ಅಂದೆ. ಅಂದಿದ್ದು ನಾನೇ. ಆ ಬಾಯಿ ಹೊಲಿದು ಹಾಕ್ಬೇಕು.

“ಒಂದು ಸಲ ಬಂದ್ರೆ ಕಟ್ ಮಾಡ್ತೀನಿ. ಎರಡನೇ ಸಲಾನೂ ಮಾಡ್ತೀನಿ. ಬಿಡದೇ ಬರ್ತಾ ಇದ್ರೆ ಅತ್ತೆ ಮತ್ತೆ ಬಿದ್ರೇನೋ ಅಂತ ಕೈಕಾಲು ತಣ್ಣಗಾಗುತ್ತೆ. ಎದ್ದು ಓಡಿ ಎತ್ತಿದ್ರೆ ನೀವು ಅಕ್ಕಿಗೆ ಎಷ್ಟು ನೀರು ಅಂತೀರಿ. ಮೂರು ಆಬ್ಸೆಂಟ್ ಆಗಿದೆ. ಇನ್ನೊಂದಾದ್ರೆ ಪರೀಕ್ಷೆಗೆ ಕೂರಿಸಲ್ಲ.”

ಕಡೆಗೆ ಅವಳೇ ಒಂದು ಷರತ್ತು ಹಾಕಿದ್ಲು. ಇನ್ಮೇಲೆ ಸಂಜೆ ಹೊತ್ತು ನಿಮ್ಮಿಂದ ಒಂದು ರಿಂಗ್ ಬಂದ್ರೂ ಅತ್ತೆ ಬಿದ್ದಿದಾರೆ ಅಂತಲೇ ಅರ್ಥ. ಎತ್ತಲ್ಲ, ಕೇಳಲ್ಲ, ನೇರ ಹೊರಟು ಬರ್ತೀನಿ. ಬೇರೆ ಏನೇ ಆದ್ರೂ ಮಾಡ್ಬೇಡಿ. ಮನೆ ಸುಟ್ಟು ಹೋದ್ರೂ ಮಾಡ್ಬೇಡಿ.

ಆಯ್ತು ಅಂದೆ. ನಾಚಿಕೆ ಆಗ್ತಿದೆ.

ಸೆಪ್ಟೆಂಬರ್ 28, ಗುರುವಾರ

ಫೋನ್ ಮಾಡ್ಲಿಲ್ಲ. ಸಂಜೆಯಿಡೀ ಕೈ ತಾನಾಗೇ ಜೇಬಿಗೆ ಹೋಗ್ತಿತ್ತು. ಜೀರಿಗೆ ಸಿಗದೇ ಒಂದೊಂದೇ ಡಬ್ಬಿ ತೆಗೆದು ಮೂಸ್ತಾ ನಿಂತಿದ್ದೆ. ಬಾಗಿಲಿಂದ ಅಮ್ಮ ಕೋಲಲ್ಲಿ ತೋರಿಸಿದ್ಲು, ಎರಡನೇ ಶೆಲ್ಫು, ಹಿಂದೆ.

“ಈ ಮನೇಲಿ ನಲವತ್ತು ವರ್ಷ ಬೇಯಿಸಿದೀನಿ. ಎದುರಿಗೇ ಕೂತಿದೀನಿ. ನೀನು ಆಸ್ಪತ್ರೆಗೆ ಫೋನ್ ಮಾಡಿ ಉಪ್ಪು ಎಲ್ಲಿ ಅಂತ ಕೇಳ್ತೀಯ.”

ಅಮ್ಮನನ್ನ ಕೇಳ್ಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ನಿಜವಾಗ್ಲೂ ಹೊಳೆದಿರಲಿಲ್ಲ.

ಅಕ್ಟೋಬರ್ 1, ಭಾನುವಾರ

ಇವಳನ್ನ ಲೈಬ್ರರಿಗೆ ಅಟ್ಟಿದೆ. ಅಮ್ಮ ಅಡುಗೆಮನೆ ಒಳಗೇ ಕುರ್ಚಿ ಹಾಕ್ಕೊಂಡಳು. ಕೂತಲ್ಲಿಂದ ದರ್ಬಾರು. ಹುರುಳಿಕಾಯಿ ಇಷ್ಟು ಸಣ್ಣಕ್ಕೆ ಹೆಚ್ಚಿದ್ರೆ ಬಿಸಿ ಮಾಡುವಾಗ ಗಂಜಿ ಆಗುತ್ತೆ, ಬೇಳೆಗೆ ಉಪ್ಪು ಈಗ ಹಾಕ್ಬೇಡ, ಆಲೂಗಡ್ಡೆ ಫ್ರೀಜರಿಗೆ ಹಾಕ್ತೀಯಾ, ನಿನ್ನ ತಲೆ. ಹೇಳಿದ್ದು ಮಾಡೋದ್ರೊಳಗೆ ಇನ್ನೊಂದು. ತಲೆ ಚಿಟ್ಟು ಹಿಡೀತು. ಗೋಡೌನಲ್ಲಿ ಮ್ಯಾನೇಜರೂ ಇಷ್ಟು ಪ್ರಾಣ ತಿನ್ನಲ್ಲ.

ಒಂದು ಒಪ್ಪಂದಕ್ಕೆ ಬಂದ್ವಿ. ಬೇಳೆ, ತರಕಾರಿ ಭಾನುವಾರದ್ದೇ ಇರ್ಲಿ. ಒಗ್ಗರಣೆ ಮಾತ್ರ ಆವತ್ತಿಂದು ಆವತ್ತಿಗೆ. ಅಷ್ಟಾದ್ರೆ ತಿಂತಾಳಂತೆ. ಚೆನ್ನಾಗಿದೆ ಅಂತ ಹೇಳೋ ಗ್ಯಾರಂಟಿ ಇಲ್ಲವಂತೆ.

ಅಕ್ಟೋಬರ್ 5, ಗುರುವಾರ

ನಾಲ್ಕೂ ದಿನ ಅಮ್ಮ ತಿಂದ್ಲು. ಚೆನ್ನಾಗಿದೆ ಅನ್ನಲಿಲ್ಲ. ಉಪ್ಪು ಕಮ್ಮಿ, ಖಾರ ಜಾಸ್ತಿ, ಅನ್ನ ಮುದ್ದೆ. ಸಾಕಪ್ಪಾ ಸಾಕು. ಇವಳು ದಿನಾ ಎಂಟೂವರೆಗೆ ಬರ್ತಾಳೆ, ಬಿಸಿ ಮಾಡಿ ಕೊಟ್ರೆ ಪುಸ್ತಕ ನೋಡ್ಕೊಂಡೇ ತಿಂತಾಳೆ. ನಿನ್ನೆ ತಿನ್ತಾ ತಿನ್ತಾ ಒಂದು ಸಲ ನನ್ನ ಕಡೆ ನೋಡಿ ನಕ್ಕಳು.

ಫೋನ್ ಇಲ್ಲ. ಸಂಜೆ ಮನೆಗೆ ಬಂದ ಕೂಡ್ಲೇ ಬೀರು ಮೇಲೆ ಎತ್ತಿಟ್ಟುಬಿಡ್ತೀನಿ.

ಅಕ್ಟೋಬರ್ 10, ಮಂಗಳವಾರ. ಸಂಜೆ ಏಳೂಕಾಲು

ಶನಿವಾರ ಪರೀಕ್ಷೆ. ಇವತ್ತು ಬಿಟ್ಟು ಇನ್ನು ಮೂರೇ ಕ್ಲಾಸು.

ಇವತ್ತು ಎಲ್ಲ ಸರಿಯಾಗಿ ಬಂದಿತ್ತು. ಡಬ್ಬಿ ಬೆಳಗ್ಗೇನೇ ಕೆಳಗಿಳಿಸಿದ್ದೆ, ಸಲೀಸಾಗಿ ಬಿಟ್ಕೊಂಡಿತ್ತು. ಒಗ್ಗರಣೆ ಸೀಯಲಿಲ್ಲ. ಅನ್ನ ಉದುರುದುರು. ಲಾಯರಮ್ಮ ಗೆಳತಿ ಮನೇಲಿ ಓದೋಕೆ ಹೋಗಿದಾಳೆ, ನಾವಿಬ್ಬರೇ. ಅಮ್ಮ ಹಸಿವು ಅಂದ್ಲು, ಬೇಗನೇ ಬಡಿಸಿದೆ. ತಿಂದ್ಲು. ತಟ್ಟೆ ಮುಂದೆ ಹಿಡಿದು, ಇನ್ನೊಂಚೂರು ಹಾಕು ಅಂದ್ಲು. ಹಾಕ್ದೆ. ಎರಡು ತುತ್ತು ತಿಂದು, ತಲೆ ಎತ್ತದೇನೇ ಹೇಳಿದ್ಲು, ಚೆನ್ನಾಗಿದೆ ಕಣೋ.

ಭಾನುವಾರದ ಬೇಳೆಗೆ. ನನ್ನ ಅಡುಗೆಗೆ. ಅಮ್ಮ.

ಯಾರಿಗಾದ್ರೂ ಹೇಳ್ಬೇಕಲ್ಲ. ಇನ್ಯಾರಿಗೆ ಹೇಳ್ಲಿ. ಕೈ ಒರೆಸ್ಕೊಂಡು ಬೀರು ಮೇಲಿಂದ ಫೋನ್ ತಗೊಂಡೆ. ಎರಡು ರಿಂಗ್ ಆಯ್ತು. ಆ ಕಡೆಯಿಂದ ಕಟ್ ಆಯ್ತು. ಆಗ ನೆನಪಾಯ್ತು.

ಮತ್ತೆ ಮಾಡ್ದೆ, ಎತ್ತಲಿಲ್ಲ. ಮತ್ತೆ ಮಾಡ್ದೆ. ಏನೂ ಆಗಿಲ್ಲ, ಅಮ್ಮ ಚೆನ್ನಾಗಿದಾಳೆ, ಬರ್ಬೇಡ ಅಂತ ಮೆಸೇಜ್ ಹಾಕ್ದೆ. ನೋಡಿಲ್ಲ. ಆಸ್ಪತ್ರೆ ರಿಸೆಪ್ಷನ್ನಿಗೆ ಮಾಡಿ, ಕ್ಲಾಸ್ ರೂಮಿಗೆ ಒಂದು ಮಾತು ತಿಳಿಸಿ ಅಂದೆ. ಆ ಹುಡುಗಿ, ಈಗಷ್ಟೇ ಓಡಿ ಹೋದ್ರಲ್ಲ ಸಾರ್, ಮನೇಲಿ ಅತ್ತೆ ಬಿದ್ರಂತೆ, ಪಾಪ, ಅಳ್ತಾ ಇದ್ರು ಅಂದ್ಲು.

ಅಲ್ಲಿಂದ ಸ್ಕೂಟರಲ್ಲಿ ಇಪ್ಪತ್ತು ನಿಮಿಷ. ಕೂರೋಕೂ ಆಗ್ತಿಲ್ಲ, ನಿಲ್ಲೋಕೂ ಆಗ್ತಿಲ್ಲ, ಅದಕ್ಕೇ ಇದನ್ನ ಬರೀತಿದೀನಿ. ರಸ್ತೇಲಿ ಹುಷಾರಾಗಿ ಬಂದ್ರೆ ಸಾಕು ದೇವರೇ. ಅಮ್ಮನಿಗೆ ಹೇಳ್ದೆ. ಅಗಿಯೋದು ನಿಲ್ಲಿಸಿ ನನ್ನೇ ನೋಡಿದ್ಲು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಆಮೇಲೆ, ನಾನು ಸುಮ್ನೆ ನೆಲದ ಮೇಲೆ ಮಲಗ್ಲಾ ಅಂತ ಕೇಳಿದ್ಲು.

ಬೇಡ ಅಂದೆ. ಬಿದ್ದಿದ್ರೂ ಆಬ್ಸೆಂಟ್ ಆಬ್ಸೆಂಟೇ, ನಾಲ್ಕನೇದು.

ಸ್ಕೂಟರ್ ಬಂತು. ಸ್ಟ್ಯಾಂಡ್ ಹಾಕಿದ ಸದ್ದಿಲ್ಲ, ಗಾಡಿ ಬಿದ್ದ ಸದ್ದು. ಅತ್ತೆ, ಅತ್ತೆ ಅಂತ ಮೆಟ್ಟಿಲಿಂದಲೇ ಕೂಗ್ತಾ ಬರ್ತಿದಾಳೆ. ಅಮ್ಮ ಕೋಲು ಊರಿ ಎದ್ದು ನಿಂತ್ಲು, ಎಂಜಲು ಕೈಯಲ್ಲೇ. ನಾನು ಬಾಗಿಲು ತೆಗೀಬೇಕು.